ಕ್ರಿಕೆಟ್ ನಿಯಮ ಮೀಮಾಂಸೆ: ಮಾದನಾಯಕನಹಳ್ಳಿ ಪಾಠಾಂತರ

ಕ್ರಿಕೆಟ್ ಎಂಬ ಕ್ರೀಡಾಸಂಕಥನದ ಪ್ರಾಥಮಿಕ ನಿಯಮಗಳನ್ನು ದೇಸೀ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ. ಆಕರಗಳು ಎರಡು: ಲಂಡನ್ನಿನ ಎಂಸಿಸಿ ಕಾಪಾಡಿಕೊಂಡು ಬಂದಿರುವ 42 ನಿಯಮಗಳ ಸಂಹಿತೆ (ಮುಂದೆ ‘ಮೂಲಪಾಠ’), ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಖಾಲಿ ಸೈಟುಗಳಲ್ಲಿ ಭಾನುವಾರ ಗಂಟಲು ಹರಿಯುವಂತೆ ಕೂಗಿ ರಚಿಸುವ ‘ಮೌಖಿಕ ಪಾಠ’.

ಮೊದಲಿಗೆ ಪಿಚ್ಚಿನ ಸತ್ತಾಮೀಮಾಂಸೆ. ಮೂಲಪಾಠದಂತೆ ಅದು 22 ಗಜ, ಅಂದರೆ 66 ಅಡಿ. ಸೈಟು 30×40. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೂ ಸಿಗುವುದು 50. ಆದಕಾರಣ ಬ್ಯಾಟ್ಸ್‌ಮನ್ ಸೈಟಿನಲ್ಲಿ, ಬೌಲರ್ ರಸ್ತೆಯಲ್ಲಿ, ನಡುವೆ ಟೆಂಪೊ. ಇದಕ್ಕೆ ‘ಅವಕಾಶದ ವಿಕೇಂದ್ರೀಕರಣ’ ಎಂದು ಹೆಸರಿಡುತ್ತೇನೆ.

ಔಟುಗಳು ತ್ರಿವಿಧ: ದೈಹಿಕ, ದೈವಿಕ, ಸ್ಥಾವರ. ಒನ್ ಪಿಚ್ ಕ್ಯಾಚ್ ದೈಹಿಕ. ಅಂಪೈರ್ ಬ್ಯಾಟಿಂಗ್ ಕಡೆಯವನೇ ಆದ್ದರಿಂದ 36ನೇ ನಿಯಮವಾದ ಎಲ್‌ಬಿಡಬ್ಲ್ಯು ಇಲ್ಲಿ ಲುಪ್ತ. ಬ್ಯಾಟಿನ ಮಾಲೀಕ ಮೊದಲ ಎಸೆತಕ್ಕೇ ಬೌಲ್ಡಾದರೆ “ಲೇ, ಅದು ಟ್ರಯಲ್ ಬಾಲ್ ಕಣೋ!” ಎಂಬುದು ಪ್ರಕ್ಷಿಪ್ತ. ಕೇಳದೆ ಔಟ್ ಕೊಡಬಾರದು ಎಂಬ 31ನೇ ನಿಯಮದಲ್ಲಿ ಮಾತ್ರ ಎರಡೂ ಪಾಠಗಳಿಗೆ ಏಕಾಭಿಪ್ರಾಯ. ನಮ್ಮವರು ಬಾಲ್ ಬೀಳುವ ಮೊದಲೇ ಕೇಳುತ್ತಾರೆ. ದೈವಿಕ ಔಟು ಯಾವುದೆಂದು ನನಗೂ ಹೊಳೆಯುತ್ತಿಲ್ಲ, ಬಿಡಿ. ಸೆಮಿನಾರಿನಲ್ಲಿ ಎರಡು ವರ್ಗ ಹೇಳಿದರೆ ಟೀ ಕೂಡ ಕೊಡುವುದಿಲ್ಲ.

ಉಳಿದದ್ದು ಸ್ಥಾವರ. ಎಡಕ್ಕೆ ಗೋಡೌನ್ ಎದ್ದಾಗ ಆಫ್ ಸೈಡಿನ ರನ್ನು ರದ್ದಾಯಿತು. ಬಲಕ್ಕೆ ಬಾಡಿಗೆ ಮನೆಗಳು ಬಂದಾಗ ಸಿಕ್ಸರ್ ಎಂಬುದೇ ಔಟಾಯಿತು. ಮೇಲಾಗಿ ಹೊಡೆದವನೇ ಹೋಗಿ ಬೈಸಿಕೊಂಡು ಬಾಲ್ ತರಬೇಕು. ಇಂಥದ್ದನ್ನು ‘ಹುಡುಗರ ಸೃಜನಶೀಲ ಪ್ರತಿರೋಧ’ ಎಂದು ವೇದಿಕೆಯಲ್ಲಿ ಮುಕ್ಕಾಲು ಗಂಟೆ ಕೊರೆದವರನ್ನು ಕೇಳಿದ್ದೇನೆ. ಮಣ್ಣಾಂಗಟ್ಟಿ! ಜಾಗ ಇಲ್ಲ ಸ್ವಾಮಿ, ಜಾಗ. ಬಡಾವಣೆಯ ನಕ್ಷೆಯಲ್ಲಿ ಹಸಿರು ಬಳಿದು ‘ಆಟದ ಮೈದಾನ’ ಎಂದು ಬರೆದ ಚೌಕದಲ್ಲಿ ಯಾರದೋ ಜಲ್ಲಿ ರಾಶಿ. ಇಲ್ಲೇ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಹುಲ್ಲಿನ ಮೈದಾನಗಳಿವೆ, ರಾಜ್ಯದ ಆಟಗಾರರು ಆಡುತ್ತಾರೆ, ಸಂತೋಷ. ರಾಜ್ಯಕ್ಕೆ ಆಡುವಷ್ಟು ಬಾರದ ಹುಡುಗ ಎಲ್ಲಿ ಆಡಬೇಕು? ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದ ಅವನಪ್ಪ ಎಲ್ಲಿ ಕುಳಿತು ನೋಡಬೇಕು? 2024ರಲ್ಲಿ ಮಾದಾವರದವರೆಗೆ ಮೆಟ್ರೋ ಬಂದ ಮೇಲಂತೂ ಬ್ರೋಕರುಗಳ ಕಣ್ಣಿಗೆ ಬೀಳದ ಬಯಲೇ ಇಲ್ಲ.

ಇದ್ದೊಂದು ಸೈಟಿಗೂ ಪಾಯ ತೆಗೆದಿದ್ದಾರೆ. ಮೌಖಿಕ ಪಾಠಕ್ಕೆ ತಿದ್ದುಪಡಿ: ಪಾಯದ ಗುಂಡಿಗೆ ಬಿದ್ದರೆ ಎರಡು ರನ್, ಕಂಬಿಗೆ ತಾಗಿದರೆ ಡೆಡ್ ಬಾಲ್, ಮೇಸ್ತ್ರಿ ಬಂದರೆ ಮ್ಯಾಚ್ ಡ್ರಾ.