ಹಳದಿ ಬಣ್ಣಕ್ಕ ಮರುಳಾಗಬ್ಯಾಡ್ರಿ

ಎಲ್ಲಮ್ಮನ ಗುಡ್ಡದ ಉಗರಗೋಳದಾಗ ಸೆಕೆಂಡ್ ಹ್ಯಾಂಡ್ ಜೇಸಿಬಿ ಮಾರಾಟಕ್ಕ ಬಂತಂದ್ರ ಮೊದಲು ಕಣ್ಣಿಗೆ ಬೀಳೂದು ಬಣ್ಣ. ಭಂಡಾರದಾಗ ಉರುಳಾಡಿ ಎದ್ದಂಗ ಹಳದಿ! "ಬರೇ ಹೊಲದ ಬದು ಹಾಕೈತ್ರಿ ಅಣ್ಣಾರ" ಅಂತಾನ ದಲಾಲಿ. ಕ್ವಾರಿ ಸುದ್ದಿ ಮಾತ್ರ ಎತ್ತೂದಿಲ್ಲ.

ಮೀಟರ್ 3,000 ತಾಸು ತೋರಸ್ತೈತಿ. ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಹೊಳೀತೈತಿ. ನಾ ಅಂತೂ ಪೆಡಲ್ಲನ್ನೇ ನಂಬಾಂವ. ನಸುಕಿನ್ಯಾಗ ಹೇಳದ ಹೋಗ್ರಿ, ಎಂಜಿನ್ ತಣ್ಣಗಿರಬೇಕು. "ನೀವು ಬರ್ತೀರಂತ ಆಗಳೇ ಚಾಲೂ ಮಾಡಿಟ್ಟೀನ್ರಿ" ಅಂದ್ರ ಆ ಮರ್ಯಾದಿಗೆ ಹೆದರ್ರಿ. ಚಾಲೂ ಇದ್ದಾಗ ಎಣ್ಣಿ ಮುಚ್ಚಳದಿಂದ ಹೊಗಿ ಬುಸುಬುಸು ಬಂದ್ರ ಪಿಸ್ಟನ್ ರಿಂಗ್ ಸವೆದಾವಂತ ತಿಳೀರಿ. ಬೂಮ್ ಎತ್ತಿಸಿ, ಎಂಜಿನ್ ಬಂದ್ ಮಾಡಿಸಿ, ದೂರ ನಿಂತು ಚಾ ಕುಡೀರಿ. ಕಪ್ ಖಾಲಿ ಆಗೂದ್ರಾಗ ಬೂಮ್ ತಾನೇ ಕೆಳಗಿಳಿದ್ರ ಹೈಡ್ರಾಲಿಕ್ ಸೀಲಿನ ಕಥಿ ಮುಗದೈತಿ. ಪಿನ್ನು, ಬುಷ್ಷಿಗೆ ಮೆತ್ತಿದ ಗ್ರೀಸ್ ಒರೆಸಿ ಬಕೆಟ್ ಅಲುಗಾಡಿಸ್ರಿ; ಕಟಕಟ ಅಂದಷ್ಟು ರೇಟು ಇಳಸ್ರಿ. ಹೊಸ ಬಣ್ಣದ ಕೆಳಗ ವೆಲ್ಡಿಂಗ್ ಗಂಟು ಕೈಗೆ ಹತ್ತಿದ್ರ ಚಪ್ಪಲಿ ಮೆಟ್ಟಿ ಹೊಂಡ್ರಿ.

ಕಡೀಕ ಆರ್‌ಸಿ, ಚಾಸಿ ನಂಬರ್, ಫೈನಾನ್ಸಿನ ಎನ್‌ಒಸಿ. ದಲಾಲಿ ತಲಿ ಕೆರಕೋತಾನ: "ಬನದ ಹುಣ್ಣಿಮಿ ಮುಗಿದಮ್ಯಾಲ ಕೊಡ್ತೀನ್ರಿ." ಯಾವ ವರ್ಷದ್ದು ಅಂತ ಕೇಳ್ರಿ.