ನಿಷ್ಪರಿವಾರ ಪಠ್ಯಸಂಪಾದಕ ಮೀಮಾಂಸೆ

ಮುಂಬಯಿಯ ಫೋರ್ಟ್ ಭಾಗದ ಅನೇಕ ಕಚೇರಿಗಳಲ್ಲಿ, ಅಡ್ಮಿನ್ ಪಾಸ್‌ವರ್ಡ್ ಎಂಬ ಮಹಾಮಂತ್ರವನ್ನು ಬಲ್ಲ ಏಕಮಾತ್ರ ಪುರುಷನ ಅನುಗ್ರಹವಿಲ್ಲದೆ ಗಣಕಯಂತ್ರದೊಳಗೆ ಯಾವೊಂದು ತಂತ್ರಾಂಶವನ್ನೂ ಪ್ರತಿಷ್ಠಾಪಿಸಲಾಗದ ಕಾರಣದಿಂದ, ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಗಾಡಿಯಲ್ಲಿ ಒಂಟಿಕಾಲಿನ ತಪಸ್ಸನ್ನಾಚರಿಸುತ್ತ ಬಂದಿಳಿಯುವ ಗುಮಾಸ್ತನು, ‘ವಿಮ್’ ಎಂಬ ಪಠ್ಯಸಂಪಾದಕದ ಸಹಚರ ಕಡತಗಳೆಂಬ ಸಕಲ ಪರಿವಾರವನ್ನೂ ಮನೆಯಲ್ಲಿಯೇ ತೊರೆದು, ಅದರ ಎಕ್ಸಿ ಕಡತವೊಂದನ್ನೇ ಪೆನ್‌ಡ್ರೈವಿನಲ್ಲಿರಿಸಿಕೊಂಡು ಬರುವುದುಂಟು. ಈ ವ್ಯವಹಾರದ ತಾತ್ತ್ವಿಕ ನೆಲೆಗಳನ್ನು ಪಂಡಿತರಾರೂ ಈವರೆಗೆ ಶೋಧಿಸದೆ ಹೋದುದು ಸಾರಸ್ವತಲೋಕಕ್ಕೆ ಕಳಂಕಪ್ರಾಯವಾದುದರಿಂದ ಪ್ರಕೃತ ಪ್ರಬಂಧವು ಅವತರಿಸಿದೆ.

ನಿಷ್ಪರಿವಾರತ್ವವು ಪಂಚವಿಧವಾದುದು. ಮೊದಲನೆಯದು ವರ್ಣವೈರಾಗ್ಯ: ಪದಗಳಿಗೆ ಬಣ್ಣವೀಯುವ ಸಿಂಟ್ಯಾಕ್ಸ್ ಕಡತಗಳು ಜತೆಯಲ್ಲಿರದೆ, ಬಣ್ಣ ಬೇಕೆಂದು ಆಜ್ಞಾಪಿಸಿದೊಡನೆ ಸಂಪಾದಕವು ಇ484 ಎಂಬ ದೋಷಸಂಖ್ಯೆಯನ್ನುಚ್ಚರಿಸಿ ಸುಮ್ಮನಾಗುತ್ತದೆ. ಎರಡನೆಯದು ಪೂರ್ವಜನ್ಮಸ್ಮರಣೆ: ‘ಡಿಫಾಲ್ಟ್ಸ್’ ಕಡತವು ದೊರೆಯಲಿಲ್ಲವೆಂದು ಇ1187ರ ಮೂಲಕ ನಿವೇದಿಸಿಕೊಂಡು, 1991ರಲ್ಲಿ ಬ್ರಾಂ ಮೂಲೆನಾರರು ಲೋಕಕ್ಕಿತ್ತ ಈ ಸಾಧನವು, 1976ರಲ್ಲಿ ಬಿಲ್ ಜಾಯ್ ರಚಿಸಿದ ತನ್ನ ಮೂಲಪುರುಷ ‘ವಿಐ’ಯ ಹಟಮಾರಿತನವನ್ನು ಮತ್ತೆ ತಾಳುತ್ತದೆ; ಆಗ ಬ್ಯಾಕ್‌ಸ್ಪೇಸ್ ಕೀಲಿಯು ಈಗಷ್ಟೇ ಬರೆದುದನ್ನಲ್ಲದೆ ಮೊದಲೇ ಅಲ್ಲಿದ್ದ ಅಕ್ಷರವನ್ನು ಮುಟ್ಟಲೊಲ್ಲದು. ಮೂರನೆಯದು, ನಾಲ್ಕನೆಯದು, ಐದನೆಯದು ಇವೆ, ಇರಲಿ.

ವಿಂಗಡಣೆಯ ಈ ಚಟ ನನಗಂಟಿದ್ದು ಇದೇ ನಗರದ ಒಂದು ವಿಚಾರಸಂಕಿರಣದಲ್ಲಿ. ದೀಪ ಬೆಳಗಿಸುವುದೂ ಶಾಲು ಹೊದಿಸುವುದೂ ಮುಗಿಯುವ ಹೊತ್ತಿಗೆ ಊಟದ ವೇಳೆ ಸಮೀಪಿಸಿತ್ತು. ಆಗ ಎದ್ದುನಿಂತ ವಿದ್ವಾಂಸರು, ಡಿಜಿಟಲ್ ಸಂಕಥನದಲ್ಲಿ ಅಲ್ಪತೆಯ ಅನನ್ಯತೆಯೆಂಬುದು ಕೇಂದ್ರವು ತನ್ನ ಪರಿಧಿಯನ್ನು ನಿರಾಕರಿಸುವ ಮೂಲಕವೇ ತನ್ನ ಕೇಂದ್ರತ್ವವನ್ನು ನಿರಚನಗೊಳಿಸಿಕೊಳ್ಳುವ ಒಂದು ಪ್ರಕ್ರಿಯಾತ್ಮಕ ನೆಲೆಯೆಂದು ಸಾರಿ, ಕೈಪಿಡಿ, ಟಿಪ್ಪಣಿ, ಸಹಾಯಕಡತ ಇವೆಲ್ಲ ಕೇವಲ ‘ಪೂರಕ ಸಾಮಗ್ರಿ’ಯಾದ್ದರಿಂದ ಕಿತ್ತೊಗೆದರೂ ಪಠ್ಯಕ್ಕೆ ಊನವಿಲ್ಲವೆಂದು ಅಪ್ಪಣೆ ಕೊಡಿಸಿದರು.

ಪೂರಕವಂತೆ! ಅವರ ಆ ಪ್ರಬಂಧವನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ, ಯೂನಿಕೋಡಿಗೆ ಪರಿವರ್ತಿಸುವಾಗ ಕೆಟ್ಟುಹೋದ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿ ಕೊಟ್ಟ ಹುಡುಗಿ ಹಿಂದಿನ ಸಾಲಿನಲ್ಲೇ ಕುಳಿತಿದ್ದಳು. ವಂದನಾರ್ಪಣೆಯಲ್ಲಿ ಮೈಕಿನವನ ಹೆಸರಿತ್ತು, ಊಟದವನ ಹೆಸರಿತ್ತು, ಅವಳ ಹೆಸರಿರಲಿಲ್ಲ.

ಪರಿವಾರವಿಲ್ಲದೆ ನಿಲ್ಲಬಲ್ಲೆವೆಂಬ ಈ ಗರ್ವ ಕನ್ನಡಿಗನಿಗಂತೂ ಸಲ್ಲದು. ವಿಮ್ ಬಹಿರಂಗವಾದ 1991ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ನಮ್ಮ ಲಿಪಿಗೂ ಸ್ಥಾನ ದೊರೆಯಿತಾದರೂ, ಅಕ್ಷರಕ್ಕೊಂದು ಸಂಖ್ಯೆಯಿದ್ದ ಮಾತ್ರಕ್ಕೆ ಅಕ್ಷರವು ಮೂಡದು. ಅದಕ್ಕೆ ಫಾಂಟು ಬೇಕು, ಸಂಯುಕ್ತಾಕ್ಷರಗಳನ್ನು ಕೂಡಿಸುವ ತಂತ್ರಾಂಶ ಬೇಕು, ಒಂದು ಕಾಲಕ್ಕೆ ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ. ಪಿ. ರಾಯರು ರೂಪಿಸಿಕೊಟ್ಟಂಥ ಕೀಲಿಮಣೆಯ ವಿನ್ಯಾಸವೂ ಬೇಕು. ಇವು ತಪ್ಪಿದಲ್ಲಿ ವಿಂಡೋಸಿನ ಹಳೆಯ ಕಪ್ಪು ಕನ್ಸೋಲಿನಲ್ಲಿ ಕನ್ನಡವೆಲ್ಲ ಬರಿಯ ಚೌಕಗಳು. ಫಾಂಟೊಂದಿದ್ದು ಕೂಡಿಸುವ ವಿದ್ಯೆಯಿಲ್ಲದ ಪರದೆಯಲ್ಲಾದರೋ ‘ರಾಷ್ಟ್ರ’ದೊಳಗಿನ ಷಕಾರ, ಟಕಾರ, ರಕಾರಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ದೂರ ದೂರ ನಿಲ್ಲುತ್ತವೆ.

ವಿಮ್‌ನ ಪರಿವಾರವೆಲ್ಲ ಸೇರಿದರೂ, ಆ ವಿಚಾರಸಂಕಿರಣದ ಸನ್ಮಾನದ ವಿಡಿಯೊ ಹಿಡಿಸುವ ಪೆನ್‌ಡ್ರೈವಿನಲ್ಲಿ ಧಾರಾಳವಾಗಿ ಹಿಡಿಸುತ್ತದೆ. ಆದರೂ ಬಿಟ್ಟುಬರುತ್ತೇವೆ. ಹೀಗೆ ಬಿಟ್ಟುಬಂದವುಗಳಲ್ಲಿ ಉಗಾಂಡದ ಹೆಸರಿನ ಒಂದು ಪುಟ್ಟ ಸಹಾಯಕಡತವೂ ಇದೆ. ಮೂಲೆನಾರರು 1994ರಲ್ಲಿ ಆ ದೇಶದ ಕಿಬಾಲೆ ಎಂಬಲ್ಲಿ ನೀರು ಮತ್ತು ನೈರ್ಮಲ್ಯದ ಕೆಲಸಕ್ಕೆ ಸ್ವಯಂಸೇವಕರಾಗಿ ದುಡಿದು ಬಂದವರು. ತಮ್ಮ ಸಂಪಾದಕಕ್ಕೆ ಬೆಲೆ ಕಟ್ಟದೆ, ಮೆಚ್ಚಿದವರು ಅಲ್ಲಿಯ ಮಕ್ಕಳಿಗೆ ನೆರವಾಗಲೆಂದಷ್ಟೇ ಕೇಳಿಕೊಂಡವರು. 2023ರ ಆಗಸ್ಟ್ 3ರಂದು ಅವರು ತೀರಿಕೊಂಡರು. ಆ ಬೇಡಿಕೆಯ ಒಂದು ಸಾಲು ಮಾತ್ರ ಎಕ್ಸಿ ಕಡತದೊಳಗೇ ಬೆಸೆದುಕೊಂಡಿರುವುದರಿಂದ, ಪರಿವಾರಹೀನವಾದ ವಿಮ್ ಕೂಡ ತೆರೆದೊಡನೆ ಕೆಲವೊಮ್ಮೆ ಉಗಾಂಡದ ಬಡ ಮಕ್ಕಳಿಗೆ ನೆರವಾಗಿರೆಂದು ಕೇಳಿ, ವಿವರಕ್ಕಾಗಿ ಒತ್ತಬೇಕಾದ ಆಜ್ಞೆಯನ್ನೂ ತಿಳಿಸುತ್ತದೆ. ಗುಮಾಸ್ತನು ಅದನ್ನೊತ್ತಿದರೆ, ಈ ವಿಷಯದಲ್ಲಿ ಸಹಾಯವಿಲ್ಲವೆಂದು ಯಂತ್ರವು ಅವನಲ್ಲಿ ಕ್ಷಮೆ ಬೇಡುತ್ತದೆ. ಕ್ಷಮೆ ಬೇಡಬೇಕಾದವರು ಬೇರೆಯೇ ಇದ್ದಾರೆ; ಅವರು ಮುಂದಿನ ಸಂಕಿರಣಕ್ಕೆ ವಿಷಯ ಹುಡುಕುತ್ತಿದ್ದಾರೆ.