ತೆಳ್ಳಗಿನ ಲ್ಯಾಪ್‌ಟಾಪು, ದಪ್ಪ ಬಿಲ್ಲು

ನಮ್ಮ ಹೊಟ್ಟೆ ಮುಂದೆ ಬಂದಷ್ಟೂ ನಾವು ಕೊಳ್ಳುವ ಲ್ಯಾಪ್‌ಟಾಪು ತೆಳ್ಳಗಾಗುತ್ತಿದೆ. ಅಂಗಡಿಯವನು ಅದನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸುತ್ತಾನೆ, ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವೆ. ಇಷ್ಟು ಸೊರಗಲು ಪಾಪ ಏನೇನು ಕಳಕೊಂಡಿತೋ ಎಂದು ಒಬ್ಬರಾದರೂ ಕೇಳಬೇಕಲ್ಲ? 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಸಿಕೊಂಡು, ಬ್ಯಾಟರಿಯನ್ನು ಗೋಂದು ಹಚ್ಚಿ ಅಂಟಿಸಿಕೊಂಡು ಬಂತು. ರಿಪೇರಿಯವರು ತಲೆ ಚಚ್ಚಿಕೊಂಡರು. ಉಳಿದ ಕಂಪನಿಗಳು ನೋಡಿ ಕಲಿತವು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿದವರ ಮುಂದೆ, ಬಿಚ್ಚಿ ಜೋಡಿಸುವಂಥದ್ದಕ್ಕೆ ‘ಮಾಡ್ಯುಲರ್’ ಎಂಬ ಹೆಸರು ಹೇಳಿದರೆ ನಕ್ಕಾರು. ಒಂದಂಗಡಿಯಲ್ಲಿ ಮದರ್‌ಬೋರ್ಡು, ಎದುರಂಗಡಿಯಲ್ಲಿ ಕ್ಯಾಬಿನೆಟ್ಟು, ಮಹಡಿ ಮೇಲಿನವನ ಹತ್ತಿರ ನೂರು ರೂಪಾಯಿ ಕಡಿಮೆಗೆ ರ‍್ಯಾಮು. ಮನೆಗೆ ತಂದು ಸ್ವಿಚ್ ಹಾಕಿದರೆ ಬೀಪ್ ಬೀಪ್ ಎಂದು ಅಳುತ್ತದೆ. ಪಕ್ಕ ಕಳಚಿ, ರ‍್ಯಾಮ್ ಕಿತ್ತು, ಮಗನ ಪೆನ್ಸಿಲ್ ಬಾಕ್ಸಿನ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಹಲ್ಲು ಉಜ್ಜಿ, ಟಕ್ ಎನ್ನುವ ತನಕ ಒತ್ತಿದರೆ ಅಳು ಬಂದ್. ಇದಕ್ಕೆ ಆಗ ಯಾರೂ ‘ಸುಸ್ಥಿರತೆ’ ಎಂದು ಹೆಸರಿಟ್ಟಿರಲಿಲ್ಲ. ಜಿಪುಣತನ ಎನ್ನುತ್ತಿದ್ದರು.

ಆ ಜಿಪುಣತನವನ್ನೇ ಲ್ಯಾಪ್‌ಟಾಪಿಗೆ ತಂದವರು ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯವರು. ನೀರವ್ ಪಟೇಲ್ ಎಂಬುವರು ಕಟ್ಟಿದ್ದು. ಮೊದಲ ಲ್ಯಾಪ್‌ಟಾಪು ಬಂದದ್ದು 2021ರಲ್ಲಿ. ಡಬ್ಬಿಯಲ್ಲೇ ಸ್ಕ್ರೂಡ್ರೈವರ್ ಇಟ್ಟು ಕೊಡುತ್ತಾರೆ. ತಳದ ಸ್ಕ್ರೂ ಸಡಿಲಿಸಿ ಕೀಬೋರ್ಡಿನ ಹೊದಿಕೆ ಎತ್ತಿದರೆ ಒಳಗಿನ ಭಾಗಭಾಗಕ್ಕೂ ಕ್ಯೂಆರ್ ಕೋಡು. ಫೋನಿನಲ್ಲಿ ತೋರಿಸಿದರೆ ಅದನ್ನು ಹೇಗೆ ಬದಲಿಸಬೇಕೆಂಬ ಪಾಠ. ಪಕ್ಕದ ಪೋರ್ಟುಗಳೂ ಜಾರಿಸಿ ಹಾಕುವ ಬಿಲ್ಲೆಗಳು: ಇವತ್ತು ಎಚ್‌ಡಿಎಂಐ, ನಾಳೆ ಯುಎಸ್‌ಬಿ. ಹೊಸ ಪ್ರೊಸೆಸರ್ ಬಂತೋ, ಬೋರ್ಡೊಂದನ್ನೇ ಕೊಂಡರಾಯಿತು. ಹಳೆಯ ಬೋರ್ಡು ಪುಟ್ಟ ಪೆಟ್ಟಿಗೆಯೊಳಗೆ ಕೂತು ಡೆಸ್ಕ್‌ಟಾಪ್ ಆಗಿ ಎರಡನೇ ಸಂಸಾರ ಹೂಡುತ್ತದೆ.

ಇದನ್ನೆಲ್ಲ ನನಗೆ ಬೋಧಿಸಿದ್ದು ನನ್ನ ಸೋದರಳಿಯ. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿತು, ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಮರುಬಳಕೆಯಾದದ್ದು ಕಾಲು ಭಾಗಕ್ಕಿಂತ ಕಡಿಮೆ ಎಂದು ವಿಶ್ವಸಂಸ್ಥೆಯ ವರದಿಯನ್ನು ಕಾಫಿ ಆರುವವರೆಗೂ ಒಪ್ಪಿಸಿದ. ಮುಂದಿನ ವಾರ ಅವನ ಬ್ಯಾಗಿನಿಂದ ಹೊರಬಂದದ್ದು ಹೊಸ ಲ್ಯಾಪ್‌ಟಾಪು. ಒಂದು ಸ್ಕ್ರೂ ಕಾಣಿಸಿದರೆ ಕೇಳಿ.

“ಏನಪ್ಪಾ ಇದು?”

“ಭುಜ ನೋಯತ್ತೆ ಮಾವ. ಅಲ್ಲದೆ ಇಎಂಐ ಇತ್ತು.”

ಮಾರುಕಟ್ಟೆಯ ಕಷ್ಟವೆಲ್ಲ ಈ ಎರಡು ವಾಕ್ಯದಲ್ಲಿದೆ. ಬಿಚ್ಚಿ ಜೋಡಿಸುವಂತಿರಬೇಕಾದರೆ ಸಾಕೆಟ್ಟು ಬೇಕು, ಕನೆಕ್ಟರ್ ಬೇಕು, ಸ್ಕ್ರೂಗೆ ಜಾಗ ಬೇಕು. ಜಾಗ ಎಂದರೆ ದಪ್ಪ. ಮಾರುವುದು ಕಡಿಮೆಯಾದ್ದರಿಂದ ಒಂದೊಂದಕ್ಕೂ ಬೀಳುವ ಖರ್ಚು ಹೆಚ್ಚು. ಎಲ್ಲಕ್ಕಿಂತ ದೊಡ್ಡ ತಲೆನೋವೆಂದರೆ ತೃಪ್ತನಾದ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಆದರೆ ಅವನಿಗಾಗಿ ಬಿಡಿಭಾಗಗಳನ್ನು ವರ್ಷಗಟ್ಟಲೆ ಗೋದಾಮಿನಲ್ಲಿ ಇಟ್ಟುಕೊಂಡು ಕಾಯಬೇಕು. ಹಾಗೆಂದು ಗಿರಾಕಿಗೂ ಪೂರ್ತಿ ಉಳಿತಾಯವಿಲ್ಲ: ಡಿಡಿಆರ್4 ಕಾಲದ ಬೋರ್ಡು ತೆಗೆದು ಹೊಸ ಎಎಂಡಿ ಬೋರ್ಡು ಹಾಕಿದರೆ ರ‍್ಯಾಮೂ ಹೊಸದೇ ಆಗಬೇಕು, ಅದು ಕೇಳುವುದು ಡಿಡಿಆರ್5.

ಫೋನಿನವರ ಪಾಡು ಇನ್ನೂ ಮಜಾ. ಇಟ್ಟಿಗೆ ಜೋಡಿಸಿದಂತೆ ಫೋನು ಜೋಡಿಸುವ ಗೂಗಲ್‌ನ ಪ್ರಾಜೆಕ್ಟ್ ಅರಾ 2016ರಲ್ಲಿ ಅಂಗಡಿ ಮುಟ್ಟುವ ಮೊದಲೇ ತೀರಿಕೊಂಡಿತು. ಅದೇ ವರ್ಷ ಎಲ್‌ಜಿ ಜಿ5 ತನ್ನ ಗಲ್ಲವನ್ನೇ ಕಿತ್ತು ಬೇರೆ ಗಲ್ಲ ಸಿಕ್ಕಿಸಿಕೊಳ್ಳುತ್ತಿತ್ತು. ಹೀಗೆ ಸಿಕ್ಕಿಸುವ ಬಿಡಿ ಉಪಕರಣಗಳಿಗೆ ಕಂಪನಿ ಇಟ್ಟ ಹೆಸರು ‘ಫ್ರೆಂಡ್ಸ್’. ಮರುವರ್ಷ ಜಿ6 ಬಂತು, ಫ್ರೆಂಡ್ಸ್ ಕೈಬಿಟ್ಟಿದ್ದರು. 2021ರಲ್ಲಿ ಎಲ್‌ಜಿ ಫೋನಿನ ವ್ಯಾಪಾರವನ್ನೇ ಬಿಟ್ಟಿತು. ಡಚ್ಚರ ಫೇರ್‌ಫೋನ್ ಮಾತ್ರ ಹಟ ಹಿಡಿದು ನಿಂತಿದೆ. 2015ರ ಫೇರ್‌ಫೋನ್ 2ಕ್ಕೆ 2023ರವರೆಗೂ ತಂತ್ರಾಂಶ ಒದಗಿಸಿದರು, ಕೈ ಮುಗಿಯಬೇಕು. ಆದರೆ ಅವರೂ 2021ರ ಮಾದರಿಯಲ್ಲಿ ಇಯರ್‌ಫೋನಿನ ತೂತು ಮುಚ್ಚಿ, ಅದೇ ಹೊತ್ತಿಗೆ ವೈರಿಲ್ಲದ ಇಯರ್‌ಬಡ್ ಮಾರಲು ನಿಂತರು. ಪರಿಸರವಾದಿಯೂ ಬಾಡಿಗೆ ಕಟ್ಟಬೇಕಲ್ಲವೇ!

ನಮ್ಮ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಸಮಿತಿ ಮಾಡಿ, ಪೋರ್ಟಲ್ಲನ್ನೂ ತೆರೆಯಿತು. ಯುರೋಪಿನವರು ಇನ್ನೂ ಬಿಗಿ. ಬಳಸುವವರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ನಿಯಮ ಅಲ್ಲಿ 2027ರ ಫೆಬ್ರವರಿಗೆ ಕಾಲ ಗೊತ್ತುಮಾಡಿಕೊಂಡಿದೆ, ಒಂದಿಷ್ಟು ವಿನಾಯಿತಿಗಳ ಸಮೇತ.

2025ರಲ್ಲಿ ಫ್ರೇಮ್‌ವರ್ಕ್‌ನವರು ಒಂದು ಡೆಸ್ಕ್‌ಟಾಪು ಪ್ರಕಟಿಸಿದರು. ರ‍್ಯಾಮಿಗೆ ಬೆಸುಗೆ! ಆ ಎಎಂಡಿ ಚಿಪ್ಪಿನ ವೇಗಕ್ಕೆ ಕಳಚುವ ರ‍್ಯಾಮು ತಾಳುವುದಿಲ್ಲ, ಪ್ರಯತ್ನಪಟ್ಟೆವು, ಆಗಲಿಲ್ಲ ಎಂದರು. ಕಾರಣ ನಿಜವೇ ಇರಬೇಕು, ಆದರೆ ಸೋದರಳಿಯನಿಗೆ ಹಬ್ಬ. ಸುದ್ದಿಯ ಕೊಂಡಿ ಕಳಿಸಿ, ಜೊತೆಗೆ ಹಲ್ಲು ಕಿರಿಯುವ ಮುಖ ನಾಲ್ಕು. ನಾನು ಉತ್ತರ ಬರೆಯಲು ಹೋಗಲಿಲ್ಲ. ಅವನ ಅಂಟಿಸಿದ ಬ್ಯಾಟರಿಗೂ ವಯಸ್ಸಾಗುತ್ತದೆ. ಉಬ್ಬಿ ಟಚ್‌ಪ್ಯಾಡು ಮೇಲೆದ್ದ ದಿನ ಅವನೇ ಫೋನ್ ಮಾಡುತ್ತಾನೆ. ಮೂರನೇ ರಿಂಗಿಗೆ ಎತ್ತಿದರಾಯಿತು.